ನಾವು ಯಾವ ವರ್ಗ? ಅಳೆಯಲು ಹೊರಟವರ ಕಥೆ

1940ರಲ್ಲಿ ಅಮೆರಿಕದ ಫಾರ್ಚೂನ್ ಪತ್ರಿಕೆ ಒಂದು ಸಮೀಕ್ಷೆ ಮಾಡಿತು. ನೀವು ಮೇಲ್ವರ್ಗವೋ, ಮಧ್ಯಮ ವರ್ಗವೋ, ಕೆಳವರ್ಗವೋ ಎಂದು ಜನರನ್ನು ಕೇಳಿತು. ನೂರಕ್ಕೆ 79 ಮಂದಿ ‘ಮಧ್ಯಮ’ ಎಂದರು. ಐದು ವರ್ಷ ಬಿಟ್ಟು ರಿಚರ್ಡ್ ಸೆಂಟರ್ಸ್ ಎಂಬ ಮನಶ್ಶಾಸ್ತ್ರಜ್ಞ ಇಂಥದ್ದೇ ಪ್ರಶ್ನೆ ಕೇಳಿದರು. ಆದರೆ ಉತ್ತರದ ಪಟ್ಟಿಗೆ ‘ದುಡಿಯುವ ವರ್ಗ’ ಅಂತ ಇನ್ನೊಂದನ್ನು ಸೇರಿಸಿದ್ದರು. ಈ ಸಲ 51 ಮಂದಿ ಅದನ್ನೇ ಆರಿಸಿಕೊಂಡರು. ಮಧ್ಯಮ ಎಂದವರು 43ಕ್ಕೆ ಇಳಿದರು. ಸೆಂಟರ್ಸ್ ಕೇಳಿದ್ದು ಬಿಳಿಯ ಗಂಡಸರನ್ನು ಮಾತ್ರ, ಹಾಗಾಗಿ ಎರಡನ್ನೂ ಪಕ್ಕಪಕ್ಕ ಇಟ್ಟು ತೂಗುವಂತಿಲ್ಲ. ಆದರೂ ‘ಕೆಳವರ್ಗ’ ಅಂತ ತನ್ನ ಬಾಯಲ್ಲೇ ಹೇಳಿಕೊಳ್ಳಲು ಯಾರಿಗೆ ಮನಸ್ಸು ಬರುತ್ತೆ, ಅಲ್ವಾ?

ಜನರ ಮಾತು ನಂಬಿ ಕೂರುವುದು ಬೇಡ, ಕಣ್ಣಿಗೆ ಕಾಣುವುದನ್ನೇ ಎಣಿಸೋಣ ಎಂದವರು ಅದಕ್ಕೂ ಮೊದಲೇ ಇದ್ದರು. ಮಿನ್ನೆಸೋಟ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಸ್ಟುವರ್ಟ್ ಚಾಪಿನ್ 1930ರ ದಶಕದಲ್ಲಿ ಮನೆಯ ನಡುಕೋಣೆಗೇ ಅಂಕ ಕೊಡುವ ಪಟ್ಟಿ ಮಾಡಿದರು. ಪುಸ್ತಕವಿರುವ ಕಪಾಟಿಗೆ 8 ಅಂಕ. ಹೊಲಿಗೆ ಯಂತ್ರ ಕಂಡರೆ 2 ಅಂಕ ಕಟ್. ಅಲಾರಾಂ ಗಡಿಯಾರ ಇದ್ದರೆ ಇನ್ನೂ 2 ಕಟ್. ಅತಿಥಿ ಬಂದು ಕೂರುವ ಕೋಣೆಯಲ್ಲೇ ಹೊಲಿದು, ಮಲಗಿ, ಬೆಳಗ್ಗೆ ಎದ್ದು ಕೆಲಸಕ್ಕೆ ಓಡುವವರು ಅನುಕೂಲಸ್ಥರಲ್ಲ ಎಂಬುದು ಇದರ ಹಿಂದಿನ ಲೆಕ್ಕ ಇರಬೇಕು. ನಗು ಬರುತ್ತದೆ, ನಿಜ. ಆದರೆ ನಮ್ಮ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಇವತ್ತಿಗೂ ಫ್ಯಾನ್, ಫ್ರಿಜ್, ಬೈಕ್, ಶೌಚಾಲಯ ಇವನ್ನೆಲ್ಲ ಕೇಳಿಯೇ ಮನೆಗಳನ್ನು ಬಡವರಿಂದ ಶ್ರೀಮಂತರವರೆಗೆ ಐದು ಪಾಲು ಮಾಡುತ್ತದೆ. ಸಂಬಳ ಕೇಳಿದರೆ ಸರಿಯಾದ ಉತ್ತರ ಸಿಗುವುದು ಕಷ್ಟ. ಫ್ರಿಜ್ ಇದೆಯಾ ಅಂದರೆ ಜನ ಸುಳ್ಳು ಹೇಳುವುದು ಕಮ್ಮಿ.

ಮನಶ್ಶಾಸ್ತ್ರಜ್ಞರು ಹೆಚ್ಚು ಕೈಗೆತ್ತಿಕೊಂಡಿದ್ದು ಮಾತ್ರ ಯೇಲ್ ವಿಶ್ವವಿದ್ಯಾಲಯದ ಆಗಸ್ಟ್ ಹಾಲಿಂಗ್ಸ್‌ಹೆಡ್ ಅವರ ಅಳತೆಯನ್ನು. 1957ರ ಅವರ ಸೂತ್ರ ಸಲೀಸು. ಉದ್ಯೋಗದ ಅಂಕವನ್ನು 7ರಿಂದ, ಓದಿನ ಅಂಕವನ್ನು 4ರಿಂದ ಗುಣಿಸಿ ಕೂಡಿಸಬೇಕು. ಬಂದ ಮೊತ್ತ ನೋಡಿ ಐದು ವರ್ಗಗಳಲ್ಲಿ ಒಂದಕ್ಕೆ ಹಾಕಬೇಕು. ಆದಾಯದ ಮಾತೇ ಇಲ್ಲ. ಮನೋವೈದ್ಯ ರೆಡ್ಲಿಕ್ ಜೊತೆ ಸೇರಿ ಅವರು ನ್ಯೂಹೇವನ್ ಊರಿನ ಮನೋರೋಗಿಗಳನ್ನು ಹೀಗೇ ವಿಂಗಡಿಸಿದರು. ಮೇಲಿನ ವರ್ಗದವರಿಗೆ ಕೂರಿಸಿ ಮಾತಾಡಿಸುವ ಚಿಕಿತ್ಸೆ ಸಿಗುತ್ತಿತ್ತು. ಕೆಳಗಿನವರ ಪಾಲಿಗೆ ಬಂದದ್ದು ಹೆಚ್ಚಾಗಿ ಶಾಕ್, ಇಲ್ಲವೇ ವರ್ಷಗಟ್ಟಲೆ ಆಸ್ಪತ್ರೆ ವಾಸ. ಹಾಲಿಂಗ್ಸ್‌ಹೆಡ್ 1975ರಲ್ಲಿ ಈ ಅಳತೆಯನ್ನು ತಿದ್ದಿ ಬರೆದರು. ಅವರಿರುವ ತನಕ ಆ ಬರಹ ಯಾವ ಪತ್ರಿಕೆಯಲ್ಲೂ ಅಚ್ಚಾಗಲಿಲ್ಲ. ಆದರೂ ಜೆರಾಕ್ಸ್ ಪ್ರತಿಯಲ್ಲೇ ಊರೂರು ಸುತ್ತಿ ಲೆಕ್ಕವಿಲ್ಲದಷ್ಟು ಸಂಶೋಧನೆಗಳಿಗೆ ಆಧಾರವಾಯಿತು.

ನಮ್ಮಲ್ಲಿ ಆ ಜಾಗ ಹಿಡಿದದ್ದು ಕುಪ್ಪುಸ್ವಾಮಿ ಸ್ಕೇಲ್. ಥೀಸಿಸ್ ಬರೆಯುವ ವೈದ್ಯಕೀಯ ವಿದ್ಯಾರ್ಥಿಗಳಿಗೆಲ್ಲ ಈ ಹೆಸರು ಬಾಯಿಪಾಠ. ಆದರೆ ಬಿ. ಕುಪ್ಪುಸ್ವಾಮಿ ಡಾಕ್ಟರಲ್ಲ, ಮೈಸೂರು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ ಮನಶ್ಶಾಸ್ತ್ರಜ್ಞ. ಪಟ್ಟಣದ ಕುಟುಂಬಗಳಿಗೆಂದು 1976ರಲ್ಲಿ ಮಾಡಿದ ಈ ಅಳತೆಯಲ್ಲಿ ಮನೆಯ ಯಜಮಾನನ ಓದಿಗೆ 7, ಉದ್ಯೋಗಕ್ಕೆ 10, ಕುಟುಂಬದ ತಿಂಗಳ ಆದಾಯಕ್ಕೆ 12, ಒಟ್ಟು 29 ಅಂಕ. ಆ ಕಾಲದ ಒಬ್ಬ ಹೈಸ್ಕೂಲ್ ಮೇಷ್ಟ್ರನ್ನು ತೆಗೆದುಕೊಳ್ಳಿ. ಡಿಗ್ರಿಗೆ 6, ಮೇಷ್ಟ್ರ ಕೆಲಸಕ್ಕೆ 6. ಮನೆಗೆ 500 ರೂಪಾಯಿ ಬಂದರೆ 4. ಒಟ್ಟು 16, ಅಂದರೆ ಮೇಲ್ಮಧ್ಯಮ ವರ್ಗ. ಅದೇ 490 ಬಂದರೆ ಆದಾಯಕ್ಕೆ ಮೂರೇ ಅಂಕ. ಒಟ್ಟು 15, ಮೇಷ್ಟ್ರು ಕೆಳಮಧ್ಯಮಕ್ಕೆ ಜಾರಿದರು! ಹತ್ತು ರೂಪಾಯಿಗೆ ಅವರ ಬದುಕೇನೂ ಬದಲಾಗಿರುವುದಿಲ್ಲ.

ಬೆಲೆ ಏರಿದ ಹಾಗೆ ಈ ಆದಾಯದ ಅಂಕಿಗಳನ್ನು ಬೆಲೆ ಸೂಚ್ಯಂಕ ನೋಡಿ ಮತ್ತೆ ಮತ್ತೆ ಪರಿಷ್ಕರಿಸುತ್ತಾರೆ. ನನ್ನ ತಕರಾರು ಅದಲ್ಲ. ಹೆಂಡತಿ ಬ್ಯಾಂಕ್ ಅಧಿಕಾರಿ, ಗಂಡನದು ಚಿಕ್ಕ ಅಂಗಡಿ ಅಂದುಕೊಳ್ಳಿ. ‘ಯಜಮಾನ’ ಎಂಬ ಕಾಲಂನಲ್ಲಿ ಯಾರ ಹೆಸರು ಬರೆಯುತ್ತೀರೋ ಅದರ ಮೇಲೆ ಇಡೀ ಮನೆಯ ವರ್ಗ ನಿಂತಿದೆ.

ಜಾತಿಗೆ ಈ ಪಟ್ಟಿಯಲ್ಲಿ ಜಾಗವಿಲ್ಲ. 1964ರಲ್ಲಿ ಉದಯ್ ಪಾರೀಕ್ ಮತ್ತು ತ್ರಿವೇದಿ ಹಳ್ಳಿಗಳಿಗಾಗಿ ಮಾಡಿದ ಅಳತೆಯಲ್ಲಿ ಇತ್ತು. ಜಮೀನು, ಮನೆ, ಓದು, ಉದ್ಯೋಗದ ಜೊತೆಗೆ ಜಾತಿಗೂ ಅಂಕ, ಪರಿಶಿಷ್ಟ ಜಾತಿಗೆ ಎಲ್ಲಕ್ಕಿಂತ ಕಡಿಮೆ. ನೋಡಿದರೆ ಮುಜುಗರವಾಗುತ್ತದೆ. ಆದರೆ ಬಾಡಿಗೆ ಮನೆ ಹುಡುಕುವಾಗ ಪೇಟೆಯಲ್ಲೂ ಜಾತಿ ಕೇಳುತ್ತಾರೆ. ಅದನ್ನು ಪೂರ್ತಿ ಬಿಟ್ಟರೆ ಅಳತೆ ಸರಿಯಾಯಿತು ಎಂದು ನನಗಂತೂ ಅನಿಸುವುದಿಲ್ಲ.

2000ದಲ್ಲಿ ವಿಷಯ ಮತ್ತೆ ಜನರ ಬಾಯಿಗೇ ಬಂತು. ಅಮೆರಿಕದ ನ್ಯಾನ್ಸಿ ಆಡ್ಲರ್ ಮತ್ತು ಸಂಗಡಿಗರು ಹತ್ತು ಮೆಟ್ಟಿಲಿನ ಏಣಿಯ ಚಿತ್ರ ತೋರಿಸಿದರು. ಹಣ, ಓದು, ಕೆಲಸ ಎಲ್ಲ ಚೆನ್ನಾಗಿರುವವರು ಮೇಲೆ, ಏನೂ ಇಲ್ಲದವರು ಕೆಳಗೆ. ನೀವೆಲ್ಲಿದ್ದೀರಿ, ಗುರುತು ಹಾಕಿ ಎಂದರು. 157 ಮಹಿಳೆಯರ ಆ ಅಧ್ಯಯನದಲ್ಲಿ ಒತ್ತಡ, ಹೃದಯದ ಬಡಿತ, ನಿದ್ದೆ ಹತ್ತಲು ಹಿಡಿಯುವ ಹೊತ್ತು, ಇವಕ್ಕೆಲ್ಲ ಆ ಗುರುತಿನ ಜೊತೆ ನಂಟು ಕಂಡಿತು. ಓದು, ಆದಾಯ ಮತ್ತು ಉದ್ಯೋಗದ ಲೆಕ್ಕಕ್ಕಿಂತ ಈ ನಂಟೇ ಜಾಸ್ತಿ ಗಟ್ಟಿಯಾಗಿತ್ತು.

ಅಲ್ಲಿಂದ ಮುಂದೆ ಏಣಿಯನ್ನು ಬೇರೆ ಥರವೂ ಬಳಸಿದರು. 2012ರಲ್ಲಿ ಪಾಲ್ ಪಿಫ್ ಮತ್ತು ಜೊತೆಗಾರರ ಪ್ರಬಂಧ ಬಂತು. ಮೇಲ್ವರ್ಗದವರೇ ನಿಯಮ ಜಾಸ್ತಿ ಮುರಿಯುತ್ತಾರೆ ಎಂಬುದು ಅದರ ವಾದ. ಸುದ್ದಿಯೋ ಸುದ್ದಿ. ಅದರಲ್ಲಿ ವರ್ಗ ಗುರುತಿಸಿದ ಬಗೆ ನೋಡಿ. ಒಂದು ಕಡೆ, ಕ್ಯಾಲಿಫೋರ್ನಿಯಾದ ರಸ್ತೆಯಲ್ಲಿ ಯಾರ ಕಾರು ಎಷ್ಟು ದುಬಾರಿ ಎಂಬುದೇ ವರ್ಗ. ಇನ್ನೊಂದು ಕಡೆ, ಏಣಿಯ ಮೇಲಿನವರ ಜೊತೆಗೋ ಕೆಳಗಿನವರ ಜೊತೆಗೋ ಹೋಲಿಸಿಕೊಳ್ಳಿ ಎಂದು ಹೇಳಿ, ಅಷ್ಟು ಹೊತ್ತಿಗೆ ಕೆಳಗಿನವ ಅಥವಾ ಮೇಲಿನವ ಎನಿಸುವಂತೆ ಮಾಡಿದರು. ಮೇಲಿದ್ದೇವೆ ಅನಿಸಿಕೊಂಡವರು ಮಕ್ಕಳಿಗೆಂದು ಇಟ್ಟಿದ್ದ ಕ್ಯಾಂಡಿಯನ್ನು ಹೆಚ್ಚು ತೆಗೆದುಕೊಂಡರಂತೆ.

ದುಬಾರಿ ಕಾರು ಸಾಲದ್ದೂ ಇರಬಹುದು. ಹತ್ತು ನಿಮಿಷದ ಅನಿಸಿಕೆ ಮೂವತ್ತು ವರ್ಷದ ಬಡತನಕ್ಕೆ ಸಮವೂ ಅಲ್ಲ. 2015ರಲ್ಲಿ ಜರ್ಮನಿಯ ಕಾರ್ನ್‌ಡರ್ಫರ್ ಮತ್ತಿತರರು ಹಲವು ದೇಶಗಳ ದೊಡ್ಡ ಸಮೀಕ್ಷೆಗಳನ್ನು ತೆಗೆದು ನೋಡಿದಾಗ ಚಿತ್ರ ಹೆಚ್ಚುಕಡಿಮೆ ಉಲ್ಟಾ ಇತ್ತು. ದಾನ ಕೊಡುವುದರಲ್ಲಿ, ಸ್ವಯಂಸೇವೆಯಲ್ಲಿ ಮೇಲ್ವರ್ಗದವರೇ ಮುಂದಿದ್ದರು. ಅವರು ವರ್ಗ ಎಂದು ಹಿಡಿದದ್ದು ಹೆಚ್ಚಾಗಿ ಓದು, ಆದಾಯ ಮತ್ತು ಉದ್ಯೋಗವನ್ನು. ಎರಡೂ ಕಡೆಯವರು ‘ಸಾಮಾಜಿಕ ವರ್ಗ’ದ ಬಗ್ಗೆಯೇ ಬರೆದಿದ್ದರು.