ಅಪ್ಪನ ಲ್ಯಾಪ್‌ಟಾಪ್ ಕೊಟ್ಟರೆ ಬರಹದ ಹಕ್ಕೂ ಹೋಗುತ್ತದೆಯೇ?

ಪ್ರಶ್ನೆ: ತೀರಿಕೊಂಡ ನಮ್ಮ ತಂದೆ ಕಥೆ ಬರೆಯುತ್ತಿದ್ದರು. ಅವರ ಲ್ಯಾಪ್‌ಟಾಪ್, ಪೆನ್‌ಡ್ರೈವ್‌ಗಳನ್ನು ಒಂದು ಆರ್ಕೈವ್ಸ್‌ನವರು (ಹಳೆಯ ದಾಖಲೆಗಳನ್ನು ಕಾಪಾಡುವ ಸಂಸ್ಥೆಯವರು) ಕೇಳುತ್ತಿದ್ದಾರೆ. ಕೊಟ್ಟರೆ ಹಕ್ಕೂ ಅವರದಾಗುತ್ತದೆಯೇ?

ಉತ್ತರ: ಇಲ್ಲ. ಲ್ಯಾಪ್‌ಟಾಪ್ ಬೇರೆ, ಅದರೊಳಗಿನ ಬರಹದ ಕಾಪಿರೈಟ್ ಬೇರೆ. ಕಾಪಿರೈಟ್ ಇನ್ನೊಬ್ಬರಿಗೆ ವಹಿಸಿಕೊಡಬೇಕಾದರೆ ಅದು ಬರವಣಿಗೆಯಲ್ಲಿ, ಸಹಿ ಸಮೇತ ಇರಬೇಕು ಅಂತ ಭಾರತದ 1957ರ ಕಾಪಿರೈಟ್ ಕಾಯ್ದೆ ಹೇಳುತ್ತದೆ. ತಂದೆ ಉಯಿಲು ಬರೆಯದಿದ್ದರೆ, ಪ್ರಕಾಶಕರಿಗೂ ಬರೆದುಕೊಡದಿದ್ದರೆ, ಆ ಹಕ್ಕು ಈಗ ವಾರಸುದಾರರೆಲ್ಲರದು. ಅವರಿದ್ದಾಗಲೇ ಪ್ರಕಟವಾದ ಕಥೆಗಳಿಗೆ ಅವರು ತೀರಿಕೊಂಡ ಮರುವರ್ಷದಿಂದ 60 ವರ್ಷ ಅದು ಇರುತ್ತದೆ, ಪ್ರಕಟವಾಗದೆ ಉಳಿದ ಕಥೆಗಳಿಗೆ ಅವು ಮೊದಲು ಪ್ರಕಟವಾದ ಮರುವರ್ಷದಿಂದ 60 ವರ್ಷ. ಹಾಗಾಗಿ ನೀವೊಬ್ಬರೇ ಸಹಿ ಹಾಕಬೇಡಿ, ಅಣ್ಣ ತಂಗಿಯರನ್ನೂ ಕೂರಿಸಿಕೊಳ್ಳಿ.

ಆದರೆ ಅನುಮತಿ ಬರೆದುಕೊಡದೆ ಸುಮ್ನೆ ಕೊಟ್ಟು ಬಂದರೆ ಆರ್ಕೈವ್ಸ್‌ನವರ ಕೈ ಕಟ್ಟಿಹಾಕಿದ ಹಾಗೆ. ಕಾಗದದ ಹಸ್ತಪ್ರತಿ ಕಪಾಟಿನಲ್ಲಿ ಎಷ್ಟೋ ಕಾಲ ಉಳಿಯುತ್ತದೆ. ಫೈಲು ಹಾಗಲ್ಲ, ನಕಲು ಮಾಡುತ್ತಾ ಹೋದರೆ ಮಾತ್ರ ಬದುಕುತ್ತದೆ. ಆ ಕಾಯ್ದೆಯ 2012ರ ತಿದ್ದುಪಡಿ ಸಾರ್ವಜನಿಕ ಲೈಬ್ರರಿಗಳಿಗೆ ಕೃತಿಗಳನ್ನು ಡಿಜಿಟಲ್ ಆಗಿ ಉಳಿಸಿಡಲು ವಿನಾಯಿತಿ ಕೊಟ್ಟಿತು, ನಿಜ. ಆದರೆ ಡಿಜಿಟಲ್ ಅಲ್ಲದ ಪ್ರತಿ ಮೊದಲೇ ಲೈಬ್ರರಿಯಲ್ಲಿ ಇದ್ದರೆ ಮಾತ್ರ! ಕಂಪ್ಯೂಟರಿನಲ್ಲೇ ಹುಟ್ಟಿದ ಕಥೆಗೆ ಅಂಥ ಪ್ರತಿ ಎಲ್ಲಿಂದ ಬರಬೇಕು? ಈ ಕೊರತೆ ನನ್ನನ್ನು ತುಂಬ ಕಾಡುತ್ತದೆ.

ಅದಕ್ಕೇ ಅನುಮತಿಯನ್ನು ಬಿಡಿಸಿ ಬರೆದುಕೊಡಿ. ನಕಲು ಮಾಡಬಹುದು, ಫಾರ್ಮ್ಯಾಟ್ ಬದಲಿಸಬಹುದು ಅಂತ. ‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫೈಲುಗಳಿದ್ದರೆ ಇದು ಇನ್ನೂ ಮುಖ್ಯ. ಯೂನಿಕೋಡ್‌ಗೆ (ಎಲ್ಲ ಕಡೆ ಒಂದೇ ಆಗಿರುವ ಅಕ್ಷರ ಸಂಕೇತ ಪದ್ಧತಿಗೆ) ತರದಿದ್ದರೆ, ಆ ಫಾಂಟ್ ಇಲ್ಲದ ಕಡೆ ಕಥೆಯ ಬದಲು ಏನೇನೋ ಚಿಹ್ನೆಗಳು ಕಾಣುತ್ತವೆ. ಅವಧಿ ಬರೆಯದಿದ್ದರೆ ಅನುಮತಿ 5 ವರ್ಷಕ್ಕೇ ಮುಗಿಯುತ್ತದೆ. ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಹಕ್ಕನ್ನೇ ಬಿಟ್ಟುಕೊಡುವ ಅಗತ್ಯ ನನಗಂತೂ ಕಾಣುವುದಿಲ್ಲ.

ಇಮೇಲ್ ವಿಷಯದಲ್ಲಿ ಜಾಸ್ತಿ ಎಚ್ಚರ ಬೇಕು. ತಂದೆಗೆ ಬಂದ ಪತ್ರಗಳ ಕಾಪಿರೈಟ್ ಅವುಗಳನ್ನು ಬರೆದವರದು, ಅದನ್ನು ನೀವು ಕೊಡಲಾರಿರಿ. ಅದರಲ್ಲಿ ಯಾರದೋ ಕಾಯಿಲೆ, ಯಾರದೋ ಸಾಲದ ಮಾತೂ ಇರುತ್ತದೆ ಅಲ್ವಾ? ಇಷ್ಟು ವರ್ಷ ಮುಚ್ಚಿಡಿ ಅಂತ ಷರತ್ತು ಹಾಕಬಹುದು. ಅಮೆರಿಕದ ಎಮೊರಿ ವಿಶ್ವವಿದ್ಯಾಲಯ 2010ರಲ್ಲಿ ಸಲ್ಮಾನ್ ರಶ್ದಿಯವರ ಹಳೆಯ ಆಪಲ್ ಕಂಪ್ಯೂಟರನ್ನು ಅವರು ಬಳಸುತ್ತಿದ್ದ ರೂಪದಲ್ಲೇ ಸಂಶೋಧಕರಿಗೆ ತೆರೆದಿಟ್ಟಿತು. ಅದೂ ಓದುವ ಕೋಣೆಯಲ್ಲಿ ಮಾತ್ರ, ಖಾಸಗಿ ಭಾಗಗಳನ್ನು ಮುಚ್ಚಿಟ್ಟು.

ಇನ್ನೊಂದು ಮಾತು. ಆರ್ಕೈವ್ಸ್‌ನವರು ಇಡೀ ಡಿಸ್ಕಿನ ಪ್ರತಿ ತೆಗೆದರೆ, ತಂದೆ ಅಳಿಸಿದ ಫೈಲುಗಳೂ ಕೆಲವೊಮ್ಮೆ ಸಿಗುತ್ತವೆ. ಅವನ್ನು ಹೊರತೆಗೆಯಬಹುದೇ ಅನ್ನುವುದನ್ನೂ ಒಪ್ಪಂದದಲ್ಲೇ ಬರೆಸಿ. ನಾನಾದರೆ ಬೇಡ ಅನ್ನುತ್ತೇನೆ. ಅಳಿಸಿದ್ದು ಅವರೇ ತಾನೇ.