ಹೊಳಪು ಆಮೇಲೆ, ಮೊದಲು ಬೆನ್ನು ಅಳೆಯಿರಿ

ಹಳೆ ಸಾಮಾನಿನ ಅಂಗಡಿಯಲ್ಲೋ ಸಂಡೇ ಬಜಾರಿನ ಗೋಣಿತಾಟಿನ ಮೇಲೋ ಸಿಕ್ಕ ಮಡಿಚುವ ಕ್ಷೌರದ ಕತ್ತಿ, ಮಸೆಯುವವರ ಕೈಗೆ ಬರುವ ಹೊತ್ತಿಗೆ ಕನ್ನಡಿಯಂತೆ ಹೊಳೆಯುತ್ತಿರುತ್ತದೆ. ತುಕ್ಕು ಕಂಡ ಕೂಡಲೇ ಯಾರದೋ ಎಮೆರಿ ಚಕ್ರಕ್ಕೆ (ತಿರುಗುತ್ತ ಲೋಹ ಉಜ್ಜುವ ಒರಟು ಚಕ್ರ) ಕೊಟ್ಟಿರುತ್ತಾರೆ. ‘ಬಾಯಿಗೆ ತಾಗಿಸಿಲ್ಲ ಸಾರ್, ಬೆನ್ನು ಮಾತ್ರ ಉಜ್ಜಿಸಿದ್ದು’ ಎಂಬ ಸಮಜಾಯಿಷಿ ಬೇರೆ. ಸ್ವಾಮಿ, ಕೆಟ್ಟಿದ್ದೇ ಅಲ್ಲಿ.

ಅಡುಗೆಮನೆಯ ಚಾಕುವನ್ನು ಎಷ್ಟು ಓರೆ ಹಿಡಿದು ಮಸೆಯಬೇಕೆಂಬುದು ಕೈಯ ಅಂದಾಜು. ಈ ಕತ್ತಿಯದು ಹಾಗಲ್ಲ. ಬೆನ್ನು (ಅಲಗಿನ ದಪ್ಪ ಅಂಚು), ಬಾಯಿ (ಕೊಯ್ಯುವ ಅಂಚು) ಎರಡೂ ಒಟ್ಟಿಗೆ ಕಲ್ಲಿನ ಮೇಲೆ ಕೂರುತ್ತವೆ. ಓರೆ ಎಷ್ಟೆಂದು ಹೇಳುವುದು ಬೆನ್ನಿನ ದಪ್ಪ. ಅಲಗಿನ ಅಗಲ 16 ಮಿ.ಮೀ., ಬೆನ್ನು 4.6 ಮಿ.ಮೀ. ಇದ್ದರೆ ಬಾಯಿಯ ಕೋನ ಸುಮಾರು 16.5 ಡಿಗ್ರಿ. ಚಕ್ರ ಬೆನ್ನಿನಿಂದ ಅರ್ಧ ಮಿ.ಮೀ. ತಿಂದರೆ ಅದು 15ಕ್ಕಿಂತ ಕೆಳಗಿಳಿಯುತ್ತದೆ. ಆಗ ಬಾಯಿ ಚೂಪಾಗಿಯೇ ಕಾಣುತ್ತದೆ, ಆದರೆ ನಿಲ್ಲುವುದಿಲ್ಲ. ಒರಟು ಗಡ್ಡಕ್ಕೆ ಸಣ್ಣಸಣ್ಣಗೆ ಉದುರುತ್ತದೆ. ಚಕ್ರ ಬೆನ್ನನ್ನು ಒಂದೇ ಸಮ ತಿನ್ನುವುದೂ ಇಲ್ಲ. ಬೆನ್ನು ಏರುಪೇರಾದರೆ ಬಾಯಿಯ ಓರೆಯೂ ಒಂದೇ ಸಮ ಇರುವುದಿಲ್ಲ.

ಆದ್ದರಿಂದ ವರ್ನಿಯರ್ (ದಪ್ಪ ಅಳೆಯುವ ಸಾಧನ) ಹಿಡಿದು ಬುಡ, ನಡು, ತುದಿ ಮೂರು ಕಡೆ ಅಳೆಯಿರಿ. ಒಂದೇ ಸಮ ಸವೆದಿದ್ದರೆ ಉಪಾಯವಿದೆ: ವಿದ್ಯುತ್ ಕೆಲಸದ ಇನ್ಸುಲೇಶನ್ ಟೇಪನ್ನು ಬೆನ್ನಿಗೆ ಎರಡು ಪದರ ಹಚ್ಚಿ. ಪದರಕ್ಕೆ ಸುಮಾರು 0.13 ಮಿ.ಮೀ., ಎರಡೂ ಬದಿ ಸೇರಿ ಕಳೆದುಕೊಂಡ ಅರ್ಧ ಮಿ.ಮೀ. ವಾಪಸ್ ಬರುತ್ತದೆ. ಕಲ್ಲು ಬದಲಿಸುವಾಗಲೆಲ್ಲ ಟೇಪೂ ಹೊಸದಾಗಬೇಕು. ಏರುಪೇರಾಗಿ ಸವೆದದ್ದಕ್ಕೆ ಟೇಪು ಸಾಲದು.

ಚಕ್ರದ ಇನ್ನೊಂದು ಕೇಡು ಬಿಸಿ. ಬಾಯಿಯ ಬಳಿ ಉಕ್ಕು ಕಾಗದದಷ್ಟು ತೆಳು, ಕ್ಷಣದಲ್ಲಿ ಕಾಯುತ್ತದೆ. ನೀಲಿ ಬಣ್ಣ ಕಂಡರೆ ಸುಮಾರು 300 ಡಿಗ್ರಿ ಮುಟ್ಟಿ ಉಕ್ಕಿನ ಹದ, ಅಂದರೆ ಗಡಸುತನ, ಇಳಿದಿದೆ ಎಂದೇ ಅರ್ಥ. ಆ ಭಾಗ ಪೂರ್ತಿ ಸವೆದುಹೋಗುವವರೆಗೆ ಯಾವ ಕಲ್ಲೂ ಅದನ್ನು ಚೂಪಾಗಿ ನಿಲ್ಲಿಸದು.

ತುಕ್ಕಿಗೆ ಹುಣಸೆಹುಳಿಯೂ ಬೇಡ. ಹಿತ್ತಾಳೆ ಚೊಂಬಿಗೆ ಅದು ಸರಿ. ಈ ಉಕ್ಕನ್ನು ಬೂದುಬಣ್ಣಕ್ಕೆ ತಿರುಗಿಸಿ, ಹಿಡಿಯ ಮೊಳೆಯ ಸಂದಿಗೂ ಇಳಿದು ಅಲ್ಲೇ ಕೊರೆಯುತ್ತದೆ. ಹೊಲಿಗೆಯಂತ್ರದ ಎಣ್ಣೆ ಸವರಿ ಒಂದು ರಾತ್ರಿ ಬಿಡಿ. ಬಾಯಿಗೆ ಟೇಪು ಹಚ್ಚಿ, ಅಲಗನ್ನು ಮರದ ತುಂಡಿಗೆ ಒತ್ತಿಟ್ಟು, 1000, ಆಮೇಲೆ 2000 ನಂಬರಿನ (ನಂಬರು ಹೆಚ್ಚಿದಷ್ಟೂ ನಯ) ಉಜ್ಜುಕಾಗದವನ್ನು ಎಣ್ಣೆಯಲ್ಲಿ ಅದ್ದಿ ಕೈಯಲ್ಲೇ ಉಜ್ಜಿ. ಕಲ್ಲಿಗೆ ತಾಗುವ ಬೆನ್ನಿನ ಪಟ್ಟಿ ಬಿಟ್ಟು. ಅಲಗಿನ ಮೈಮೇಲಿನ ಕಪ್ಪು ಗುಳಿಗಳು ಇದ್ದರೆ ಇರಲಿ. ಬಾಯಂಚಿನಲ್ಲೇ ಗುಳಿಗಳಿದ್ದರೆ, ಅಥವಾ 10 ಪಟ್ಟು ಭೂತಗನ್ನಡಿಯಲ್ಲಿ ಕೂದಲೆಳೆಯ ಬಿರುಕು ಕಂಡರೆ ಖರ್ಚು ಮಾಡಬೇಡಿ. ಕಾಣದ್ದೂ ಇರಬಹುದು, ಹಾಗಾಗಿ ಯಾರೂ ಗ್ಯಾರಂಟಿ ಕೊಡಲಾರರು.

ಮಸೆಯಲು ಸಪಾಟಾದ 1000 ನಂಬರಿನ ಕಲ್ಲು, ನಂತರ 4000, 8000, ಕೊನೆಗೆ 12000. ಬಾಯಂಚಿಗೆ ಮಾರ್ಕರ್ ಬಳಿದು ನಾಲ್ಕು ಸಲ ಎಳೆಯಿರಿ. ಶಾಯಿ ಉಳಿದ ಕಡೆ ಕಲ್ಲು ಮುಟ್ಟಿಲ್ಲ. ಇಡೀ ಬಾಯಿ 1000ದ ಕಲ್ಲಿನಲ್ಲೇ ತೋಳಿನ ಕೂದಲು ಬೋಳಿಸುವವರೆಗೆ ಮುಂದಿನ ಕಲ್ಲಿಗೆ ಹೋಗಬೇಡಿ. ಎಳೆಯುವಾಗ ಕಲ್ಲಿನ ಮೇಲೆ ಬಾಯಿ ಮುಂದು, ಕೊನೆಗೆ ಬಾಯಿ ನಯಮಾಡುವ ತೊಗಲುಪಟ್ಟಿಯ ಮೇಲೆ ಬೆನ್ನು ಮುಂದು. ಪಟ್ಟಿಯ ಮೇಲೆ 50 ಸಲ ಸಾಕು. ಬೇರೆಯವರ ರಕ್ತ ಕಂಡಿರಬಹುದಾದ ವಸ್ತು, ಬಳಸುವ ಮೊದಲು 70% ಆಲ್ಕೊಹಾಲಿನಲ್ಲಿ ಒರೆಸಿ. ಬ್ಲೀಚು ಉಕ್ಕನ್ನು ತಿನ್ನುತ್ತದೆ.

ಹಿಡಿ ದಂತದ್ದೆಂದು ಬೆಲೆ ಏರಿಸಿದರೆ ಬಿಟ್ಟು ಬನ್ನಿ. ನಿಜವಾದ ದಂತವಾದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ. ಬಹಳ ಸಲ ಅದು ಸೆಲ್ಯುಲಾಯ್ಡ್ ಎಂಬ ಹಳೇ ಕಾಲದ ಪ್ಲಾಸ್ಟಿಕ್: ಬೆರಳಿನಿಂದ ಬಿರುಸಾಗಿ ತಿಕ್ಕಿ ಮೂಸಿದರೆ ಕರ್ಪೂರದ ವಾಸನೆ. ಕಾದ ಸೂಜಿ ಚುಚ್ಚಿ ಪರೀಕ್ಷಿಸಬೇಡಿ, ಭಗ್ಗನೆ ಹತ್ತಿಕೊಳ್ಳುತ್ತದೆ. ಹಳತಾದಂತೆ ಅದು ಆಮ್ಲದ ಆವಿ ಬಿಡುತ್ತದೆ. ಮಡಿಚಿಟ್ಟ ಅಲಗು ಹಿಡಿಯೊಳಗೆ ಇರುವ ಕಡೆ ಮಾತ್ರ ತುಕ್ಕು ಹಿಡಿದಿದ್ದರೆ ಕಾರಣ ಅದೇ, ಹಿಡಿಯನ್ನೇ ಬದಲಿಸಬೇಕು.