ಬ್ರಾಡ್‌ಬ್ಯಾಂಡ್ ಜಾಲ ಎಲ್ಲಿಗೆ ಬೇಗ, ಎಲ್ಲಿಗೆ ತಡ? ಭೂಗೋಳದ ಲೆಕ್ಕ

ಬ್ರಾಡ್‌ಬ್ಯಾಂಡ್ ಹರಡುವುದನ್ನು ಯಾವ ಭೌಗೋಳಿಕ ಅಂಶಗಳು ನಿರ್ಧರಿಸುತ್ತವೆ? ಈ ಪ್ರಶ್ನೆಗೆ ಹೆಚ್ಚಿನವರು ಬೆಟ್ಟ, ಕಾಡು, ನದಿ ಎಂದು ಬರೆದು ಮುಗಿಸುತ್ತಾರೆ. ತಪ್ಪೇನಲ್ಲ. ಆದರೆ ಉತ್ತರ ಶುರುವಾಗಬೇಕಾದ್ದು ಜನಸಾಂದ್ರತೆಯಿಂದ.

ಫೈಬರ್ (ಬೆಳಕಿನ ಮೂಲಕ ಮಾಹಿತಿ ಸಾಗಿಸುವ ಗಾಜಿನ ಎಳೆ) ಹಾಕುವಾಗ ಕೇಬಲ್ಲಿಗಿಂತ ನೆಲ ಅಗೆದು ಹೂಳುವುದಕ್ಕೇ ಹೆಚ್ಚು ದುಡ್ಡು ಬೇಕು. ಒಂದು ಕಿಲೋಮೀಟರ್ ಅಗೆದರೆ ನಗರದಲ್ಲಿ ನೂರಾರು ಮನೆ ಸಿಗಬಹುದು, ಚದುರಿದ ಊರಲ್ಲಿ ನಾಲ್ಕೈದು. ಖರ್ಚು ಹಂಚಿಕೊಳ್ಳುವವರು ಅಷ್ಟೇ ಮಂದಿ. ದಕ್ಷಿಣ ಕೊರಿಯಾದಲ್ಲಿ ಜಾಲ ಬೇಗ ಹರಡಲು ಅಪಾರ್ಟ್‌ಮೆಂಟ್ ವಾಸವೂ ಒಂದು ಕಾರಣ. ಆಸ್ಟ್ರೇಲಿಯಾದ ದೂರದ ಒಳನಾಡಿಗೆ ಅಲ್ಲಿನ ರಾಷ್ಟ್ರೀಯ ಜಾಲ ಫೈಬರ್ ಬದಲು ಸ್ಕೈ ಮಸ್ಟರ್ ಉಪಗ್ರಹಗಳನ್ನು ನೆಚ್ಚಿಕೊಂಡಿತು.

ಇನ್ನು ದೂರ. ತಾಮ್ರದ ತಂತಿಯಲ್ಲಿ ಒಂದೆರಡು ಕಿ.ಮೀ. ದಾಟುವಷ್ಟರಲ್ಲಿ ವಿಡಿಎಸ್‌ಎಲ್ (ಟೆಲಿಫೋನ್ ತಂತಿಯಲ್ಲೇ ಇಂಟರ್ನೆಟ್ ಕೊಡುವ ತಂತ್ರಜ್ಞಾನ) ವೇಗ ಕುಸಿದಿರುತ್ತದೆ. ಜಿಪಾನ್ (ಒಂದೇ ಎಳೆಯನ್ನು ಹಲವು ಮನೆಗೆ ಹಂಚುವ ವ್ಯವಸ್ಥೆ) ಫೈಬರ್ ಸುಮಾರು 20 ಕಿ.ಮೀ. ಹೋಗುತ್ತದೆ. ಇಲ್ಲೊಂದು ಸ್ವಾರಸ್ಯ ನೋಡಿ: 1310 ನ್ಯಾನೊಮೀಟರ್ ತರಂಗಾಂತರದಲ್ಲಿ 20 ಕಿ.ಮೀ. ಹೋದರೆ ನಷ್ಟವಾಗುವುದು ಸುಮಾರು 7 ಡೆಸಿಬೆಲ್ (ಬೆಳಕು ಎಷ್ಟು ಕುಂದಿತು ಎಂಬುದರ ಅಳತೆ). ಅದೇ ಎಳೆಯನ್ನು ಬೆಳಕು ಪಾಲು ಮಾಡುವ ಸ್ಪ್ಲಿಟರ್‌ನಲ್ಲಿ 32 ಮನೆಗೆ ಒಡೆದರೆ ಕನಿಷ್ಠ 15. ಅಂದರೆ ದೂರಕ್ಕಿಂತ ಹಂಚಿಕೆಯೇ ಹೆಚ್ಚು ಬೆಳಕು ನುಂಗುತ್ತದೆ. ಹಾಗಾಗಿ ಬಹು ದೂರದ ಮನೆಗಳಿಗೆ ಹೋಗುವ ಎಳೆಯನ್ನು ಕಡಿಮೆ ಮನೆಗಳಿಗೆ ಹಂಚಬೇಕಾಗುತ್ತದೆ; ತಲಾ ಖರ್ಚು ಮತ್ತೆ ಏರುತ್ತದೆ.

ನೆಲದ ಗುಣ: ಮೆತ್ತನೆ ಮಣ್ಣಾದರೆ ನೇಗಿಲಿನಂಥ ಯಂತ್ರ ಸೀಳುತ್ತಲೇ ಕೇಬಲ್ ಹೂತುಬಿಡುತ್ತದೆ. ಬಂಡೆ ಸಿಕ್ಕಿತೋ, ಕೆಲಸ ಆಮೆವೇಗಕ್ಕಿಳಿಯಿತು. ಕಂಬದ ಮೇಲೆ ಎಳೆದರೆ ಅಗ್ಗ, ಆದರೆ ಗಾಳಿಗೆ ಮರ ಉರುಳಿದರೆ ಕಥೆ ಮುಗಿಯಿತು.

ವೈರ್‌ಲೆಸ್‌ನಲ್ಲಿ ಬೆಟ್ಟ ಶತ್ರುವೂ ಹೌದು, ಮಿತ್ರನೂ ಹೌದು. ತುದಿಯಲ್ಲಿ ಟವರ್ ನಿಲ್ಲಿಸಿದರೆ ಬಯಲೆಲ್ಲ ಕೈಗೆ ಸಿಗುತ್ತದೆ, ಹಿಂದಿನ ಕಣಿವೆ ಮಾತ್ರ ನೆರಳಲ್ಲೇ ಉಳಿಯುತ್ತದೆ. ಅತಿ ಚಿಕ್ಕ ರೇಡಿಯೊ ಅಲೆಗಳಾದ ಮಿಲಿಮೀಟರ್ ತರಂಗಗಳಿಗಂತೂ ಮಳೆ, ಎಲೆಗಳೂ ಅಡ್ಡಿ.

ಉಪಗ್ರಹಕ್ಕೆ ಈ ತೊಡಕುಗಳು ಕಡಿಮೆ. ಆದರೆ 35,786 ಕಿ.ಮೀ. ಎತ್ತರದ ಭೂಸ್ಥಿರ ಉಪಗ್ರಹದ ಮೂಲಕ ಸಂಕೇತ ಹೋಗಿ ಉತ್ತರ ಬರಲು ಅರ್ಧ ಸೆಕೆಂಡ್ ಹತ್ತಿರ ಬೇಕು. ಸುಮಾರು 550 ಕಿ.ಮೀ. ಎತ್ತರದ ಸ್ಟಾರ್‌ಲಿಂಕ್ ಉಪಗ್ರಹ ಜಾಲ ಈ ವಿಳಂಬ ತಗ್ಗಿಸಿತು. ಆದರೂ ಒಂದು ಬೀಮಿನ (ಉಪಗ್ರಹ ಒಂದು ಪ್ರದೇಶದತ್ತ ಬೀರುವ ಸಂಕೇತದ) ಸಾಮರ್ಥ್ಯವನ್ನು ಅದರಡಿಯ ಎಲ್ಲರೂ ಹಂಚಿಕೊಳ್ಳಬೇಕಾದ್ದರಿಂದ ಜನ ದಟ್ಟವಾದಷ್ಟೂ ಇಕ್ಕಟ್ಟು.

ದ್ವೀಪಗಳಿಗೆ ಕೇಬಲ್ ಮುಟ್ಟಿದರೆ ಸಾಲದು, ಎರಡನೆಯ ದಾರಿಯೂ ಬೇಕು. 2022ರ ಜನವರಿಯಲ್ಲಿ ಜ್ವಾಲಾಮುಖಿ ಸಿಡಿದಾಗ ಪೆಸಿಫಿಕ್ ದ್ವೀಪರಾಷ್ಟ್ರ ಟೊಂಗಾವನ್ನು ಹೊರಜಗತ್ತಿಗೆ ಜೋಡಿಸಿದ್ದ ಒಂದೇ ಸಮುದ್ರದಡಿ ಕೇಬಲ್ ತುಂಡಾಯಿತು. ದುರಸ್ತಿಗೆ ಹಡಗು ಬಂದು ಸಂಪರ್ಕ ಮರಳಲು ಐದು ವಾರ ಹಿಡಿಯಿತು. ಒಳಗಿನ ದ್ವೀಪಗಳ ನಡುವಿನ ಕೇಬಲ್ ಸರಿಹೋದದ್ದು 2023ರಲ್ಲಿ.